ಸಹಾಯ ಬೇಕು: ಟ್ರ್ಯಾಕ್‌ಪಾಯಿಂಟ್ ಬಿಟ್ಟು ಟಚ್‌ಪ್ಯಾಡ್‌ಗೆ ಒಗ್ಗಿಕೊಂಡವರು ಇದ್ದೀರಾ?

ಗುಂಪಿನ ಸದಸ್ಯರಿಗೆ ನಮಸ್ಕಾರ. ಹಳೆಯ ಲ್ಯಾಪ್‌ಟಾಪನ್ನು ಬದಲಿಸಬೇಕಾಗಿರುವುದರಿಂದ ಅನುಭವಸ್ಥರ ಸಲಹೆ ಕೋರುತ್ತಿದ್ದೇನೆ.

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. 1992ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್ 700ಸಿ ಲ್ಯಾಪ್‌ಟಾಪ್ ಜೊತೆ ತಂದ, ಜಿ, ಎಚ್, ಬಿ ಕೀಲಿಗಳ ನಡುವೆ ಕೂತು ಕರ್ಸರ್ ಸರಿಸುವ ಆ ಕೆಂಪು ರಬ್ಬರ್ ಗುಂಡಿಗೆ, ಅಂದರೆ ಟ್ರ್ಯಾಕ್‌ಪಾಯಿಂಟ್‌ಗೆ, ನನ್ನ ತೋರುಬೆರಳು ಪೂರ್ತಿ ಒಗ್ಗಿಹೋಗಿದೆ. ಅದು ಬೆರಳಿನ ಚಲನೆಯನ್ನಲ್ಲ, ಒತ್ತಡವನ್ನು ಅಳೆಯುವುದರಿಂದ, ಕೈಯನ್ನು ಕೀಲಿಮಣೆಯಿಂದ ಎತ್ತದೆಯೇ ಕರ್ಸರನ್ನು ಒಂದು ಒತ್ತಕ್ಷರದ ಪಕ್ಕಕ್ಕೆ ಮೆಲ್ಲಗೆ ಒಯ್ಯಬಹುದು. ಒಮ್ಮೊಮ್ಮೆ ಕರ್ಸರ್ ತಾನಾಗಿಯೇ ಮೂಲೆಗೆ ಜಾರುವುದುಂಟು. ಬೆರಳು ತೆಗೆದು ಸ್ವಲ್ಪ ಕಾದರೆ ಸರಿಹೋಗುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ನನ್ನ ಬಜೆಟ್‌ಗೆ ಹೊಂದುವ ಹೊಸ ಯಂತ್ರಗಳಲ್ಲಿ ಬಹುತೇಕ ಎಲ್ಲಕ್ಕೂ ಅಗಲವಾದ ಟಚ್‌ಪ್ಯಾಡ್ ಮಾತ್ರ ಇದೆ. ಎರಡು ಬೆರಳಿನಲ್ಲಿ ಪುಟ ಸರಿಸಲು ಅದೇ ಮೇಲು ಎಂಬುದನ್ನು ಒಪ್ಪುತ್ತೇನೆ. ತೊಂದರೆಯಿರುವುದು ಟೈಪ್ ಮಾಡುವಾಗ: ಅಂಗೈಯ ಅಂಚು ತಗುಲಿ ಕರ್ಸರ್ ಮೂರು ಸಾಲು ಮೇಲಕ್ಕೆ ಹಾರುತ್ತದೆ, ಅರ್ಧ ಪದ ಅಲ್ಲಿ, ಉಳಿದರ್ಧ ಇಲ್ಲಿ. ಕರಡು ತಿದ್ದುವವನೇ ಹೊಸ ತಪ್ಪು ಸೇರಿಸಿದರೆ ಸಂಬಳ ಕೊಡುವವರು ಯಾರು?

ಟೈಪ್ ಮಾಡುವಾಗ ಟಚ್‌ಪ್ಯಾಡ್ ತಾನಾಗಿ ಸುಮ್ಮನಾಗುವ ಸೆಟ್ಟಿಂಗ್ ಇದೆಯೆಂದು ಬಲ್ಲೆ. ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಅದು ನಿಜಕ್ಕೂ ಸಾಲುತ್ತದೆಯೇ? ಅಥವಾ ಕೆಂಪು ಗುಂಡಿಯಿರುವ ಪ್ರತ್ಯೇಕ ಕೀಲಿಮಣೆ, ಇಲ್ಲವೇ ಹೆಬ್ಬೆರಳಿನಿಂದ ಉರುಳಿಸುವ ಟ್ರ್ಯಾಕ್‌ಬಾಲ್ ಕೊಳ್ಳುವುದು ಜಾಣತನವೇ? ಟ್ರ್ಯಾಕ್‌ಪಾಯಿಂಟ್, ಟಚ್‌ಪ್ಯಾಡ್ ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಿ. ಮಾಮೂಲಿ ಮೌಸ್ ಸೂಚಿಸಬೇಡಿ. ಬಸ್ಸಿನಲ್ಲಿ, ತೊಡೆಯ ಮೇಲೆ ಅದನ್ನು ಇಡಲು ಜಾಗವಿರುವುದಿಲ್ಲ.