ಅಣ್ಣಾ, ಆ ಡೀಸೆಲ್ ಕಾರ್ಡ್ ಕ್ಯಾನ್ಸಲ್ ಮಾಡಿಸಬೇಡ

ಅಣ್ಣಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ಕೇಳಿದೆ. ಅಡುಗೆ ಮುಗಿಸಿ ನಿಧಾನವಾಗಿ ಹೇಳೋಣ ಅಂತ ಸುಮ್ಮನಿದ್ದೆ. ಅಮೆರಿಕದ ಡಲ್ಲಾಸ್‌ನಲ್ಲಿ ನಿನ್ನ ಮಗ ಡೀಸೆಲ್ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಮನೆಯಂಥ ಗಾಡಿ, ತಗೊಂಡಿದ್ದಾನೆ, ಅಕ್ಟೋಬರ್‌ನಲ್ಲಿ ನಿನ್ನನ್ನೂ ವೈನಿಯನ್ನೂ ಕೂರಿಸಿಕೊಂಡು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುತ್ತಾನೆ. ಅದಕ್ಕೆ ಲಾರಿಯವರ ಡಿಸ್ಕೌಂಟ್ ಕಾರ್ಡ್ ಮಾಡಿಸಲು ಬ್ಯಾಂಕ್ ಖಾತೆ ನಂಬರ್ ಕೊಟ್ಟಿದ್ದಾನೆ. ಇದರಲ್ಲಿ ಮೋಸ ಇರಬಹುದಾ ಅಂತ ನಿನ್ನ ಭಯ. ಗ್ರೂಪಿನಲ್ಲಿ ಆಗಲೇ ಮೂರು ಜನ "ಮೊದಲು ಕ್ಯಾನ್ಸಲ್ ಮಾಡಿಸು" ಅಂದಿದ್ದಾರೆ. ಮಾಡಿಸಬೇಡ ಅಣ್ಣಾ.

ಬಳ್ಳಾರಿಯಲ್ಲಿ ನಮ್ಮ ಎರಡು ಲಾರಿಗಳ ಲೆಕ್ಕ ಹದಿನಾಲ್ಕು ವರ್ಷ ಬರೆದವಳು ನಾನು. ಹೋದ ವರ್ಷ ಮಗಳ ಮನೆಗೆ ಹೋದಾಗ ಅವರ ಮೋಟರ್‌ಹೋಮ್‌ನಲ್ಲಿ ಇದೇ ಹಾದಿಯಲ್ಲಿ ಹದಿನೆಂಟು ದಿನ ತಿರುಗಿದೆವು. ಅಳಿಯಂದಿರ ಹತ್ತಿರ ಇಂಥದ್ದೇ ಕಾರ್ಡ್ ಇತ್ತು. ಎಲ್ಲಿ ಎಷ್ಟು ಹಾಕಿಸಿದೆವು, ಬೋರ್ಡಿನಲ್ಲಿ ಎಷ್ಟಿತ್ತು, ನಮಗೆ ಎಷ್ಟು ಬಿತ್ತು, ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಈಗ ಅದನ್ನು ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ.

ಮೊದಲು ನಮ್ಮ ಕಡೆಯದು ನೆನಪು ಮಾಡಿಕೋ. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಎಚ್‌ಪಿಯ ಡ್ರೈವ್‌ಟ್ರ್ಯಾಕ್ ಪ್ಲಸ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್ ಅಂತ ಲಾರಿ ಮಾಲೀಕರಿಗೆ ಕಾರ್ಡ್ ಕೊಡುತ್ತಾರೆ. ಮೊದಲೇ ಹಣ ಹಾಕಿಟ್ಟರೆ ಡ್ರೈವರ್ ಕೈಯಲ್ಲಿ ರೊಕ್ಕ ಕೊಡುವ ತಾಪತ್ರಯ ಇಲ್ಲ. ಆದರೆ ಲಾಭ ಅಂತ ಬರುವುದು ಪಾಯಿಂಟ್ ಮಾತ್ರ. ಯಾಕೆಂದರೆ ನಮ್ಮ ಒಂದು ಊರಿನಲ್ಲಿ ಮೂರೂ ಕಂಪನಿಯ ಬಂಕ್‌ಗಳಲ್ಲಿ ರೇಟು ಹೆಚ್ಚುಕಮ್ಮಿ ಒಂದೇ. ನಮ್ಮಲ್ಲಿ ದೊಡ್ಡ ಫರಕು ಬೀಳುವುದು ರಾಜ್ಯದ ಗಡಿಯಲ್ಲಿ. ನಮ್ಮ ಲಾರಿ ಗುಂತಕಲ್ ಕಡೆ ಹೊರಟರೆ ಬಳ್ಳಾರಿಯಲ್ಲೇ ಟ್ಯಾಂಕ್ ಫುಲ್ ಮಾಡಿಸಿ ಕಳಿಸುತ್ತಿದ್ದೆ. ರಾಯಚೂರಿನವರು ಹೈದರಾಬಾದಿಗೆ ಹೋಗುವಾಗ ಶಕ್ತಿನಗರದಲ್ಲಿ ಕೃಷ್ಣಾ ಸೇತುವೆ ದಾಟುವ ಮೊದಲೇ ಹಾಕಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಡೀಸೆಲ್ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದ ಮೇಲೂ ಆಂಧ್ರ, ತೆಲಂಗಾಣಕ್ಕಿಂತ ನಮ್ಮಲ್ಲೇ ಕಡಿಮೆ ಇತ್ತು.

ಅಮೆರಿಕದಲ್ಲಿ ಹಾಗಲ್ಲ. ಒಂದೇ ಹೆದ್ದಾರಿಯಲ್ಲಿ ಹತ್ತು ಮೈಲಿ ಆಚೆಯ ಬಂಕಿನಲ್ಲಿ ಬೇರೆ ರೇಟು. ದೊಡ್ಡ ಟ್ರಕ್ ಸ್ಟಾಪ್‌ಗಳಿವೆಯಲ್ಲ, ಲವ್ಸ್, ಟಿಎ, ಪೆಟ್ರೋ, ಪೈಲಟ್, ಫ್ಲೈಯಿಂಗ್ ಜೆ ಅಂತ, ಅಲ್ಲಿ ಬೋರ್ಡಿನಲ್ಲಿ ಕಾಣುವ ಬೆಲೆಯನ್ನು ದೊಡ್ಡ ಲಾರಿ ಕಂಪನಿಗಳು ಕೊಡುವುದೇ ಇಲ್ಲ. ಸಾವಿರಾರು ಲಾರಿ ಕಳಿಸುತ್ತೇವೆ ಅಂತ ಮಾತಾಡಿ ಕಡಿಮೆಗೆ ಕುದುರಿಸಿಕೊಂಡಿರುತ್ತಾರೆ. ಈ ಕಾರ್ಡಿನವರು ಸಣ್ಣ ಲಾರಿ ಮಾಲೀಕರನ್ನೂ ಮೋಟರ್‌ಹೋಮ್‌ನವರನ್ನೂ ಒಟ್ಟು ಸೇರಿಸಿ ಅದೇ ರೀತಿಯ ರೇಟು ಕೊಡಿಸುತ್ತಾರೆ. ಗಂಜ್‌ನಲ್ಲಿ ಹತ್ತು ಮನೆಯವರು ಸೇರಿ ಸಗಟಿಗೆ ಅಕ್ಕಿ ತಂದ ಹಾಗೆ. ಕೆಲವು ಕಾರ್ಡಿನವರು ಹೀಗೆ ನಮಗೆ ಉಳಿತಾಯವಾದ ಹಣದಲ್ಲಿ ಹತ್ತನೇ ಒಂದು ಪಾಲು ತಮ್ಮ ಕೂಲಿ ಅಂತ ಹಿಡಿದುಕೊಳ್ಳುತ್ತಾರೆ. ಅದು ನ್ಯಾಯವೇ, ಉಳಿದರೆ ತಾನೇ ಅವರಿಗೂ ಸಿಗುವುದು?

ಖಾತೆ ನಂಬರ್ ಕೇಳುವುದು ಇದಕ್ಕೇ. ಇದು ಕ್ರೆಡಿಟ್ ಕಾರ್ಡ್ ಅಲ್ಲ. ಡೀಸೆಲ್ ಹಾಕಿಸಿದ ಒಂದೆರಡು ದಿನದಲ್ಲಿ ಖಾತೆಯಿಂದ ನೇರವಾಗಿ ಹಣ ಹೋಗುತ್ತದೆ. ನಿನ್ನ ಭಯಕ್ಕೆ ಇಲ್ಲಿ ಒಂದು ಮದ್ದು ಇದೆ. ಸಂಬಳ ಬೀಳುವ ಖಾತೆ ಕೊಡದೆ ಬೇರೆ ಒಂದು ಖಾತೆ ತೆಗೆದು, ಪ್ರವಾಸದ ಡೀಸೆಲ್‌ಗೆ ಬೇಕಾದಷ್ಟೇ ಅದರಲ್ಲಿ ಇಡಲಿ. ಅಳಿಯಂದಿರು ಹಾಗೇ ಮಾಡಿದ್ದಾರೆ. ದಿನಕ್ಕೆ ಇಷ್ಟೇ ಅಂತ ಮಿತಿ ಇಡಬಹುದು. ಕಾರ್ಡಿನ ಆ್ಯಪಿನಲ್ಲಿ ಲಾಕ್ ಇದ್ದರೆ ಬಂಕಿಗೆ ಬಂದಾಗ ಮಾತ್ರ ತೆಗೆಯಲಿ. ಪಂಪಿನಲ್ಲಿ ಕಾರ್ಡಿನ ಮಾಹಿತಿ ಕದಿಯುವ ಕಳ್ಳರು ಅಲ್ಲೂ ಇದ್ದಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾರ್ಡ್ ಕೈಯಲ್ಲಿದ್ದ ಮಾತ್ರಕ್ಕೆ ಏನೂ ಉಳಿಯುವುದಿಲ್ಲ. ಸರಿಯಾದ ಬಂಕ್ ಆರಿಸಿದರೆ ಮಾತ್ರ ಉಳಿಯುತ್ತದೆ. ನನ್ನ ಪುಸ್ತಕದಲ್ಲಿ ನೋಡು. ಟೆಕ್ಸಸ್‌ನ ಅಮರಿಲ್ಲೊ ಹತ್ತಿರ ಬೋರ್ಡಿನಲ್ಲಿ ಗ್ಯಾಲನ್‌ಗೆ (ಸುಮಾರು 3.8 ಲೀಟರ್) 3.99 ಡಾಲರ್, ನಮಗೆ ಬಿದ್ದದ್ದು 3.49. 78 ಗ್ಯಾಲನ್ ಹಾಕಿಸಿದೆವು, 39 ಡಾಲರ್ ಇಳಿಯಿತು. ಕಾರ್ಡಿನವರ ಪಾಲು 3.90 ಕಳೆದರೆ 35 ಡಾಲರ್ ನಮ್ಮದು. ಮರುದಿನ ನ್ಯೂ ಮೆಕ್ಸಿಕೊದಲ್ಲಿ ಬೋರ್ಡ್ 3.85 ಇತ್ತು, ನಮಗೆ 3.79. ಬರೀ ಆರು ಸೆಂಟ್. ರಸ್ತೆಯ ಆಚೆ ಕಾರಿನವರು ಹಾಕಿಸುವ ಸಾಮಾನ್ಯ ಬಂಕಿನಲ್ಲಿ ಡೀಸೆಲ್ 3.59ಕ್ಕೇ ಸಿಗುತ್ತಿತ್ತು! ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇತ್ತು, ಸುಮ್ನೆ ಅಲ್ಲಿ ನಿಲ್ಲಿಸಿದ್ದೆವು. ಆಮೇಲಿಂದ ರಾತ್ರಿ ಊಟ ಆದ ಮೇಲೆ ನಾನೂ ಮಗಳೂ ಕೂತು ನಾಳೆಯ ದಾರಿಯ ರೇಟುಗಳನ್ನೆಲ್ಲ ಆ್ಯಪಿನಲ್ಲಿ ನೋಡಿ, ಎಲ್ಲಿ ಹಾಕಿಸಬೇಕು ಅಂತ ಗುರುತು ಹಾಕಿಕೊಳ್ಳುತ್ತಿದ್ದೆವು. ಒಟ್ಟು 2,380 ಮೈಲಿಗೆ 302 ಗ್ಯಾಲನ್ ಕುಡಿಯಿತು, ಅಂದರೆ ಸುಮಾರು 1,143 ಲೀಟರ್. ಎಲ್ಲ ಕಳೆದು 97 ಡಾಲರ್ ಉಳಿಯಿತು. ಲೀಟರಿಗೆ ಮೂರು ಚಿಲ್ಲರೆ ಕಿಲೋಮೀಟರ್ ಬಂತು, ನಮ್ಮ ಲೋಡ್ ಲಾರಿಯ ಹಾಗೇ. ಅಡುಗೆ, ಎಸಿಗೆ ಕರೆಂಟ್ ಕೊಡುವ ಜನರೇಟರ್ ಕೂಡ ಅದೇ ಟ್ಯಾಂಕಿನ ಡೀಸೆಲ್ ತಗೊಳ್ಳುತ್ತದೆ. ಕಾಲು ಟ್ಯಾಂಕ್‌ಗೆ ಇಳಿದರೆ ಜನರೇಟರ್ ನಿಂತುಬಿಡುತ್ತದೆ, ಅಷ್ಟು ಕೆಳಗೆ ಬಿಡಬೇಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲಾರಿ ಡ್ರೈವರ್‌ಗಳು "ಇಂಥ ರಾಜ್ಯದಲ್ಲಿ ಹಾಕಿಸಿ, ಅಲ್ಲಿ ಲಾಭ" ಅಂತ ಹೇಳುವ ಮಾತು ಮೋಟರ್‌ಹೋಮ್‌ಗೆ ಸರಿ ಬರುವುದಿಲ್ಲ. ಅಲ್ಲಿ ಹಲವು ರಾಜ್ಯ ಸುತ್ತುವ ಲಾರಿಗಳು ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದವೋ ಅಷ್ಟಕ್ಕೆ ಆ ರಾಜ್ಯಕ್ಕೆ ಡೀಸೆಲ್ ತೆರಿಗೆ ಲೆಕ್ಕ ಕೊಡಬೇಕು. ಐಎಫ್‌ಟಿಎ ಅನ್ನುತ್ತಾರೆ. ಹಾಗಾಗಿ ಅವರು ತೆರಿಗೆ ಕಳೆದ ಬೆಲೆ ನೋಡುತ್ತಾರೆ. ಮನೆಯವರು ತಿರುಗಾಡಲು ಬಳಸುವ ಮೋಟರ್‌ಹೋಮ್‌ಗೆ ಆ ಲೆಕ್ಕ ಇಲ್ಲ. ನಾವು ಪಂಪಿನಲ್ಲಿ ಕೊಟ್ಟದ್ದೇ ಕೊನೆ. ಆದ್ದರಿಂದ ಕೈಯಿಂದ ಹೋಗುವ ಪೂರ್ತಿ ಬೆಲೆಯನ್ನೇ ಹೋಲಿಸಬೇಕು. ಕ್ಯಾನ್ಯನ್ ನೋಡಿ ಕ್ಯಾಲಿಫೋರ್ನಿಯಾಕ್ಕೂ ಹೋಗೋಣ ಅಂದರೆ, ಅರಿಜೋನಾದ ಕಿಂಗ್‌ಮನ್‌ನಲ್ಲೇ ಫುಲ್ ಮಾಡಿಸಲಿ. ಗಡಿ ದಾಟಿ ನೀಡಲ್ಸ್ ಅನ್ನುವ ಊರಿಗೆ ಬಂದರೆ ತುಂಬಾ ಜಾಸ್ತಿ. ನಮ್ಮ ಶಕ್ತಿನಗರದ ಕತೆಯೇ ಅಲ್ಲೂ.

ಕಾರ್ಡ್ ನಡೆಯುವುದು ಲಾರಿಗಳ ಸಾಲಿನಲ್ಲಿ, ಕಾರುಗಳ ಕಡೆ ಅಲ್ಲ. ಅಲ್ಲಿನ ಪಂಪ್ ಬಹಳ ಜೋರಾಗಿ ಸುರಿಯುತ್ತದೆ, ಪೂರ್ತಿ ಒತ್ತಿದರೆ ನೊರೆ ಎದ್ದು ವಾಪಸ್ ಚಿಮ್ಮಬಹುದು, ನಿಧಾನವಾಗಿ ಹಿಡಿಯಲಿ. ಸ್ಕ್ರೀನಿನಲ್ಲಿ ಡ್ರೈವರ್ ನಂಬರ್, ಗಾಡಿ ನಂಬರ್, ಓಡಿದ ಮೈಲಿ ಎಲ್ಲ ಕೇಳುತ್ತದೆ. ರೀಫರ್ ಡೀಸೆಲ್ ಬೇಕಾ ಅಂದರೆ ಬೇಡ ಅನ್ನಬೇಕು, ಅದು ಸರಕು ತಂಪಾಗಿಡುವ ಯಂತ್ರಕ್ಕೆ. ಡಿಇಎಫ್ ಅಲ್ಲೇ ಪಂಪಿನಲ್ಲಿ ಸಿಗುತ್ತದೆ, ಡಬ್ಬಿಯಲ್ಲಿ ತರುವುದಕ್ಕಿಂತ ಅಗ್ಗ. ನಮ್ಮ ಬಿಎಸ್6 ಲಾರಿಗೆ ಹಾಕುವ ಯೂರಿಯಾ ನೀರೇ ಅದು, ನೀಲಿ ಮುಚ್ಚಳದ ಟ್ಯಾಂಕಿಗೆ. ಡೀಸೆಲ್ ಟ್ಯಾಂಕಿಗೆ ಅಪ್ಪಿತಪ್ಪಿಯೂ ಹೋಗಬಾರದು.

ಈ ಸಾಲಿನ ಬಗ್ಗೆ ಮಗನಿಗೆ ನೀನು ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು ಅಣ್ಣಾ. ಅಲ್ಲಿನ ಲಾರಿ ಡ್ರೈವರ್‌ಗೆ ಕಾನೂನಿನ ಪ್ರಕಾರ ಕೆಲಸ ಶುರು ಮಾಡಿದ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಲು ಅವಕಾಶ. ಸಾಲಿನಲ್ಲಿ ಕಾದ ಹೊತ್ತೂ ಆ 14 ಗಂಟೆಯೊಳಗೇ ಕಳೆಯುತ್ತದೆ. ನಾವು ಪಂಪಿನ ಮುಂದೆ ಗಾಡಿ ಬಿಟ್ಟು ಕಾಫಿಗೆ ಹೋದರೆ ಅವರ ದುಡಿಮೆ ತಿಂದಂತೆ. ಗಂಗಾವತಿ ಅಕ್ಕಿ ಲೋಡ್ ತಗೊಂಡು ಹೋಗಿ, ಅನ್‌ಲೋಡಿಂಗ್‌ಗೆ ಎರಡು ದಿನ ಕಾದ ನಮ್ಮ ಡ್ರೈವರ್ ಫೋನಿನಲ್ಲಿ ಹೇಗೆ ಮಾತಾಡುತ್ತಿದ್ದ ಅಂತ ನನಗೆ ಇನ್ನೂ ಕಿವಿಯಲ್ಲಿದೆ. ಹಾಕಿಸಿದ ತಕ್ಷಣ ಮುಂದಿನ ಗೆರೆವರೆಗೆ ಗಾಡಿ ಸರಿಸಬೇಕು, ಆಮೇಲೆ ಬಿಲ್ಲಿಗೆ ಒಳಗೆ ಹೋಗಬೇಕು. ಸಂಜೆ ಹೊತ್ತು ಲಾರಿ ಪಾರ್ಕಿಂಗ್ ತುಂಬಿರುತ್ತದೆ, ರಾತ್ರಿ ಅಲ್ಲಿ ಜಾಗ ಹಿಡಿಯಬಾರದು. ನಾವು ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಕಿಸುತ್ತಿದ್ದೆವು, ಆಗ ಸಾಲು ಖಾಲಿ.

ಬಿಲ್ ಜೋಪಾನ. ಒಂದು ಕಡೆ ಆ್ಯಪಿನಲ್ಲಿ 41 ಸೆಂಟ್ ಇಳಿಕೆ ಅಂತ ಇತ್ತು, ಖಾತೆಯಿಂದ ಬೋರ್ಡಿನ ಪೂರ್ತಿ ಬೆಲೆಯೇ ಹೋಯಿತು. ಮೂರು ದಿನ ಆದ ಮೇಲೆ ನಾನು ಪುಸ್ತಕಕ್ಕೆ ಹೋಲಿಸಿದಾಗ ಸಿಕ್ಕಿತು. ಬಿಲ್ಲಿನ ಫೋಟೋ, ಆ್ಯಪಿನ ಫೋಟೋ ಎರಡೂ ಇದ್ದದ್ದಕ್ಕೆ ಕಾರ್ಡಿನವರು ವಾರದಲ್ಲಿ ವಾಪಸ್ ಹಾಕಿದರು. ಆ ದಿನದ ರೇಟಿನ ಫೋಟೋ ಇಲ್ಲದಿದ್ದರೆ ಏನು ಅಂತ ಕೇಳುವುದು?

ವೈನಿ, ನೀವು ಮುಂದಿನ ಸೀಟಿನಲ್ಲಿ ಕೂತು ಈ ಲೆಕ್ಕ ಬರೆಯಿರಿ. ನಿಮ್ಮ ಕೈಬರಹ ಚಂದ, ಅಣ್ಣನಿಗೆ ಕೊಟ್ಟರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾನೆ. ಐದು ಕಾಲಂ ಹಾಕಿಕೊಳ್ಳಿ: ಊರು, ಓಡಿದ ಮೈಲಿ, ಗ್ಯಾಲನ್, ಬೋರ್ಡಿನ ರೇಟು, ಬಿದ್ದ ರೇಟು. ನನ್ನ ಪುಸ್ತಕದ ಒಂದು ಪುಟದ ಫೋಟೋ ಈಗಲೇ ಹಾಕುತ್ತಿದ್ದೇನೆ. ಮಗ ಮೊದಲ ಸಲ ಡೀಸೆಲ್ ಹಾಕಿಸಿದ ದಿನ ಬಿಲ್ ನನಗೆ ಕಳಿಸಲಿ. ಅಲ್ಲಿನ ರಾತ್ರಿ ಅಂದರೆ ಇಲ್ಲಿ ಬೆಳಿಗ್ಗೆ, ಎದ್ದ ಕೂಡಲೇ ನೋಡಿ ಹೇಳುತ್ತೇನೆ.