ಗೇಮ್ ಆಡುವಾಗ ಫಟ್ಟನೆ ಆರಿಹೋಗುವ ಕಂಪ್ಯೂಟರ್

ಪ್ರಶ್ನೆ: ಸರ್, ನನ್ನ ಡೆಸ್ಕ್‌ಟಾಪ್‌ಗೆ ಆರು ವರ್ಷ. ಟೈಪ್ ಮಾಡುವುದು, ವಿಡಿಯೊ ನೋಡುವುದು ಇಷ್ಟೇ ಆದರೆ ದಿನವಿಡೀ ತೊಂದರೆಯಿಲ್ಲ. ಗೇಮ್ ಹಾಕಿ ಹತ್ತಿಪ್ಪತ್ತು ನಿಮಿಷವಾಗುವಷ್ಟರಲ್ಲಿ, ಪ್ಲಗ್ ಕಿತ್ತ ಹಾಗೆ ಆರಿಹೋಗುತ್ತದೆ. ದೋಷವಾದಾಗ ವಿಂಡೋಸ್ ತೋರಿಸುವ ನೀಲಿ ಪರದೆ ಬರುವುದಿಲ್ಲ. ವಿಂಡೋಸ್ ಅನ್ನು ಎರಡು ಸಲ ಹೊಸದಾಗಿ ಹಾಕಿಯಾಯಿತು. ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತಿನ ಸಾಲು ಮಾತ್ರ ಇದೆ. ಅದನ್ನು ಸರಿಪಡಿಸುವುದು ಹೇಗೆ? ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೇ?

ಉತ್ತರ: ಆ 41ರ ಹಿಂದೆ ಬೀಳಬೇಡಿ. ಕಂಪ್ಯೂಟರ್ ಮತ್ತೆ ಶುರುವಾದಾಗ, ‘ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಿರಲಿಲ್ಲ’ ಎಂದು ವಿಂಡೋಸ್ ಬರೆದುಕೊಳ್ಳುವ ಟಿಪ್ಪಣಿ ಅದು. ಕರೆಂಟ್ ಹೋದರೂ ಬರುತ್ತದೆ, ಬಟನ್ ಒತ್ತಿ ಹಿಡಿದು ಆರಿಸಿದರೂ ಬರುತ್ತದೆ. ಬಿಡಿಭಾಗ ಬದಲಾಯಿಸುವ ಮೊದಲು ನಾಲ್ಕು ವಿಷಯ ಗಮನಿಸಿ ಹೇಳಿ. ಆರಿದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆಯೇ, ಸುಮ್ಮನೆ ಬಿದ್ದಿರುತ್ತದೆಯೇ? ಬಟನ್ ಒತ್ತಿದರೆ ತಕ್ಷಣ ಏಳುತ್ತದೆಯೇ? ಗೋಡೆಯ ಅದೇ ಸ್ವಿಚ್ ಬೋರ್ಡ್‌ಗೆ ಹಾಕಿರುವ ಮಾನಿಟರ್‌ನ ದೀಪವೂ ಆರುತ್ತದೆಯೇ? ಎಚ್‌ಡಬ್ಲ್ಯುಇನ್ಫೊದಂತಹ ತಂತ್ರಾಂಶದಲ್ಲಿ ತಾಪಮಾನದ ದಾಖಲೆ ಇಟ್ಟು, ಆರುವ ಮುಂಚಿನ ಕೊನೆಯ ಸಾಲಿನಲ್ಲಿ ಎಷ್ಟಿತ್ತು?

ಮತ್ತೊಬ್ಬ ಸದಸ್ಯರು: ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಹಾಕಿ. ನನ್ನದು ಹಾಗೆಯೇ ಸರಿಹೋಯಿತು.

ಉತ್ತರ: ಆ ರಬ್ಬರ್ ಚಿಕಿತ್ಸೆಯನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ, ಕಂಪ್ಯೂಟರ್ ಶುರುವಾಗದೆ ಬೀಪ್ ಎನ್ನುತ್ತಿದ್ದರೆ ಅದಕ್ಕೆ ಬೆಲೆಯಿದೆ. ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಪರದೆ ಸ್ತಬ್ಧವಾಗುತ್ತದೆ ಅಥವಾ ಯಂತ್ರ ಮರುಪ್ರಾರಂಭವಾಗುತ್ತದೆ. ಕೆಲಸದ ಹೊರೆ ಏರಿದಾಗ ಮಾತ್ರ ಪೂರ್ತಿ ಆರಿ ಬಿದ್ದುಕೊಳ್ಳುವುದು ಅದರ ಲಕ್ಷಣವಲ್ಲ.

ಪ್ರಶ್ನೆ ಕೇಳಿದವರು: ಗಮನಿಸಿದೆ ಸರ್. ಮಾನಿಟರ್‌ನ ದೀಪ ಉರಿಯುತ್ತಲೇ ಇತ್ತು. ಕೊನೆಯ ಸಾಲಿನಲ್ಲಿ ಪ್ರೊಸೆಸರ್ 72 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 78. ತಾನಾಗಿ ಏಳಲಿಲ್ಲ. ಒಂದು ವಿಚಿತ್ರ: ಬಟನ್ ಎಷ್ಟು ಒತ್ತಿದರೂ ಉಸಿರಿಲ್ಲ. ಹಿಂಬದಿಯ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಏನೂ ಆಗದ ಹಾಗೆ ಶುರುವಾಗುತ್ತದೆ.

ಉತ್ತರ: ನೀವು ವಿಚಿತ್ರ ಎಂದದ್ದೇ ಇಲ್ಲಿ ಮುಖ್ಯ ಸಾಕ್ಷಿ.

ಶಾಖದ ಮಾತು ಮೊದಲು ಮುಗಿಸೋಣ. ಇಂದಿನ ಪ್ರೊಸೆಸರ್‌ಗಳು ಬಿಸಿಯಾದ ಕೂಡಲೇ ಆರುವುದಿಲ್ಲ. ಮಾದರಿಗೆ ತಕ್ಕಂತೆ 90–100 ಡಿಗ್ರಿಯ ಆಸುಪಾಸಿನಲ್ಲಿ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಗೇಮ್ ತಡವರಿಸತೊಡಗುತ್ತದೆ. ಅದನ್ನೂ ಮೀರಿದರೆ ಮಾತ್ರ ಕಡಿತ. 72ರಲ್ಲಿ ಆರಿದೆಯೆಂದರೆ ಪ್ರೊಸೆಸರ್‌ನ ಶಾಖ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ತರಲು ಓಡಬೇಕಾಗಿಲ್ಲ. ಮಾನಿಟರ್ ಉರಿಯುತ್ತಿದ್ದುದರಿಂದ ಬೋರ್ಡ್‌ಗೆ ಬರುವ ಕರೆಂಟ್‌ನ ಮೇಲೂ ಅನುಮಾನ ಬೇಡ.

ಉಳಿದದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ. ಮಿತಿ ಮೀರಿ ಕರೆಂಟ್ ಹರಿದಾಗ ಅದು ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ. ಹಿಂಬದಿಯ ಸ್ವಿಚ್ ಆರಿಸಿ, ಒಳಗಿನ ಚಾರ್ಜ್ ಇಳಿಯುವವರೆಗೂ ಅನೇಕ ಮಾದರಿಗಳಲ್ಲಿ ಆ ಬೀಗ ತೆರೆಯುವುದಿಲ್ಲ. ಹಾಗೆಂದು ಅದನ್ನೇ ಅಪರಾಧಿ ಮಾಡಬೇಡಿ. ಅದು ಕಾವಲುಗಾರ, ಬಾಗಿಲು ಹಾಕಿದ್ದು ಕಳ್ಳನನ್ನು ಕಂಡೋ, ವಯಸ್ಸಾಗಿ ಕಣ್ಣು ಮಂಜಾಗಿಯೋ ಎಂಬುದನ್ನು ನೋಡಬೇಕು.

ಖರ್ಚಿಲ್ಲದ ಪರೀಕ್ಷೆ ಇದೆ. ಗ್ರಾಫಿಕ್ಸ್ ಕಾರ್ಡ್‌ನ ವಿದ್ಯುತ್ ಮಿತಿಯನ್ನು ಶೇ 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ಆರದಿದ್ದರೆ ಹೊರೆಯೇ ಕಾರಣ. ಆಮೇಲೆ ಮೇನ್ ಸ್ವಿಚ್ ಆರಿಸಿ, ಪಕ್ಕದ ಬಾಗಿಲು ತೆಗೆದು, ಕಾರ್ಡ್‌ಗೆ ಹೋಗುವ ಕೇಬಲ್ ನೋಡಿ. ಎಂಟು ಪಿನ್‌ನ ಎರಡು ಪ್ಲಗ್‌ಗಳಿದ್ದು, ಎರಡೂ ಒಂದೇ ಕೇಬಲ್‌ನ ಕವಲುಗಳೇ?

ಪ್ರಶ್ನೆ ಕೇಳಿದವರು: ಶೇ 70ಕ್ಕೆ ಇಳಿಸಿ ಎರಡು ಗಂಟೆ ಆಡಿದೆ, ಆರಲಿಲ್ಲ. ಕೇಬಲ್ ನೀವು ಹೇಳಿದಂತೆಯೇ ಒಂದಕ್ಕೆ ಎರಡು ತಲೆ. ಎರಡನೆಯ ಪ್ಲಗ್ ತೆಗೆಯುವಾಗ ಸ್ವಲ್ಪ ಅಂಟಿಕೊಂಡಂತೆ ಬಂತು. ಅದರ ಒಂದು ರಂಧ್ರದ ಅಂಚು ಕಂದು ಬಣ್ಣಕ್ಕೆ ತಿರುಗಿದೆ, ಮೂಸಿದರೆ ಸುಟ್ಟ ವಾಸನೆ.

ಉತ್ತರ: ಆ ಕೇಬಲ್ ಅನ್ನು ಇನ್ನು ಹಾಕಬೇಡಿ. ಎಂಟು ಪಿನ್‌ನ ಒಂದು ಪ್ಲಗ್‌ಗೆ ನಿಗದಿಯಾದದ್ದು 150 ವ್ಯಾಟ್. ಕವಲು ಕೇಬಲ್‌ನಲ್ಲಿ ಎರಡರ ಹೊರೆಯೂ ಒಂದೇ ತಂತಿಗಳ ಮೇಲೆ ಬೀಳುತ್ತದೆ. ಜೊತೆಗೆ ಪ್ಲಗ್ ಸಡಿಲವಿದ್ದರೆ ಆ ಪಿನ್ ಬಿಸಿಯಾಗುತ್ತದೆ. ಕಾರ್ಡ್‌ನ ಕಡೆಯ ಪಿನ್‌ಗಳೂ ಕಪ್ಪಾಗಿವೆಯೇ ಟಾರ್ಚ್ ಹಾಕಿ ನೋಡಿ. ಸ್ವಚ್ಛವಾಗಿದ್ದರೆ ಎರಡು ಪ್ರತ್ಯೇಕ ಕೇಬಲ್ ಹಾಕಿ, ಆದರೆ ಅದೇ ಎಸ್‌ಎಂಪಿಎಸ್‌ನ ಜೊತೆ ಬಂದವುಗಳನ್ನೇ. ಬೇರೆ ಮಾದರಿಯ ಕೇಬಲ್ ತೂತಿಗೆ ಸರಿಯಾಗಿ ಕೂತರೂ ಆ ತುದಿಯ ಪಿನ್‌ಗಳ ಕ್ರಮ ಬೇರೆ ಇರಬಹುದು. ಹಾಗೆ ಹಾಕಿ ಹಾರ್ಡ್ ಡಿಸ್ಕ್ ಸುಟ್ಟುಕೊಂಡು ಬಂದವರ ಯಂತ್ರಗಳನ್ನು ನಾನೇ ಬಿಚ್ಚಿದ್ದೇನೆ.

ಪ್ರಶ್ನೆ ಕೇಳಿದವರು: ಕಾರ್ಡ್‌ನ ಪಿನ್‌ಗಳು ಸ್ವಚ್ಛವಾಗಿದ್ದವು. ಪ್ರತ್ಯೇಕ ಕೇಬಲ್ ಹಾಕಿ, ಮಿತಿಯನ್ನು ಪೂರ್ತಿಗೆ ತಂದೆ. ಮೂರು ದಿನ ಚೆನ್ನಾಗಿತ್ತು, ನಾಲ್ಕನೆಯ ದಿನ ಮತ್ತೆ ಆರಿತು. ಗೆಳೆಯನ ಎಸ್‌ಎಂಪಿಎಸ್ ಅನ್ನು ಅದರ ಕೇಬಲ್‌ಗಳ ಸಮೇತ ತಂದು ಹಾಕಿದ್ದೇನೆ. ಎರಡು ವಾರವಾಯಿತು, ಒಮ್ಮೆಯೂ ಆರಿಲ್ಲ. ಹಳೆಯದನ್ನು ಬಿಚ್ಚಿ ಧೂಳು ತೆಗೆದು, ತಮ್ಮನ ಹಳೆಯ ಕಂಪ್ಯೂಟರ್‌ಗೆ ಹಾಕಬಹುದೇ?

ಉತ್ತರ: ಅಂದರೆ ಕಾವಲುಗಾರನಿಗೇ ವಯಸ್ಸಾಗಿತ್ತು. ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ತಮ್ಮನಿಗೂ ಬೇಡ, ಇ-ತ್ಯಾಜ್ಯಕ್ಕೆ ಕೊಡಿ. ಗೆಳೆಯನದನ್ನು ಹಿಂದಿರುಗಿಸುವ ಮೊದಲು ಅದರ ಮೇಲಿನ ಚೀಟಿಯ ಫೋಟೊ ಹಾಕಿ. 12 ವೋಲ್ಟ್‌ನ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ಎಂದು ನೋಡಿ ನಿಮಗೆ ಯಾವುದು ಸಾಕು ಎಂದು ಹೇಳುತ್ತೇನೆ.