ಸೆಂಟ್‌ಓಎಸ್ 7 ರೂಟ್ ಫೈಲ್‌ಸಿಸ್ಟಮ್‌ನಿಂದ ಎಲ್‌ಎಕ್ಸ್‌ಸಿ ಕಂಟೇನರ್: ಸುಡೋ ಹೋಯ್ತು, ಬೂಟೂ ಆಗ್ತಿಲ್ಲ

ಪ್ರಶ್ನೆ: ಹಳೇ ಸೆಂಟ್‌ಓಎಸ್ 7 ಸರ್ವರ್‌ನ ರೂಟ್ ಫೈಲ್‌ಸಿಸ್ಟಮ್ಮನ್ನು (ಅದರ ಎಲ್ಲ ಫೈಲ್‌ಗಳನ್ನು) ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಡೆಬಿಯನ್ 12 ಹೋಸ್ಟ್‌ನಲ್ಲಿ ಬಿಚ್ಚಿದ್ದೇನೆ. ಎಲ್‌ಎಕ್ಸ್‌ಸಿಯಲ್ಲಿ (ಹೋಸ್ಟ್‌ನ ಒಳಗೇ ಇನ್ನೊಂದು ಲಿನಕ್ಸ್ ಓಡಿಸೋ ಸಾಧನ) ಅನ್‌ಪ್ರಿವಿಲೆಜ್ಡ್ ಕಂಟೇನರ್ (ಒಳಗಿನ ರೂಟ್‌ಗೆ ಹೋಸ್ಟ್‌ನಲ್ಲಿ ರೂಟ್ ಅಧಿಕಾರ ಇಲ್ಲದ್ದು) ಬೇಕು ಅಂತ ಎಲ್ಲವನ್ನೂ 100000ಕ್ಕೆ ಚೌನ್ ಮಾಡಿದೆ (ಓನರ್ ನಂಬರ್ ಬದಲಿಸಿದೆ). ಸ್ಟಾರ್ಟ್ ಮಾಡಿದರೆ ರನ್ನಿಂಗ್ ಅಂತ ತೋರಿಸುತ್ತೆ, ಐಪಿ ಬರಲ್ಲ. ಒಳಗೆ ಹೊಕ್ಕರೆ ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಕೂಡ ಓಡಲ್ಲ.

ಉತ್ತರ: ಇಲ್ಲಿರೋದು ಎರಡು ತೊಂದರೆ. ಮೊದಲನೆಯದು ಚೌನ್, ಎರಡನೆಯದು ಬೂಟ್. ಚೌನ್ ವಿಷಯ ನೋಡೋಣ. ಪ್ರತಿ ಯುಐಡಿಗೂ (ಯೂಸರ್ ನಂಬರ್) 100000 ಕೂಡಿಸಬೇಕಿತ್ತು; ಎಲ್ಲಕ್ಕೂ ಒಂದೇ ನಂಬರ್ ಕೊಟ್ಟರೆ ಡೇಟಾಬೇಸ್, ಮೇಲ್ ಫೈಲ್‌ಗಳ ಓನರ್ ಯಾರೆಂಬ ಗುರುತೇ ಉಳಿಯಲ್ಲ. ಅದೂ ಅಲ್ಲದೆ, ಓನರ್ ಬದಲಾದ ಕೂಡಲೇ ಕರ್ನಲ್ ಸೆಟ್‌ಯುಐಡಿ ಬಿಟ್ಟನ್ನೂ (ಪ್ರೋಗ್ರಾಂ ತನ್ನ ಓನರ್‌ನ ಅಧಿಕಾರದಲ್ಲಿ ಓಡಲಿ ಅನ್ನೋ ಗುರುತು) ಫೈಲ್ ಕೆಪಬಿಲಿಟಿಗಳನ್ನೂ (ರೂಟ್ ಅಧಿಕಾರದ ಬಿಡಿ ತುಣುಕುಗಳು) ತೆಗೆದುಹಾಕುತ್ತೆ, ರೂಟ್ ಆಗಿ ಮಾಡಿದರೂ ಅಷ್ಟೇ. ಸುಡೋಗೆ ಮೊದಲನೆಯದು ಬೇಕು, ಪಿಂಗ್‌ಗೆ ಎರಡನೆಯದು. ಆ ಫೋಲ್ಡರ್ ರಿಪೇರಿಗೆ ಹೋಗಬೇಡಿ, ಅಳಿಸಿ ಮತ್ತೆ ಬಿಚ್ಚಿ.

ಟಾರ್ ಮಾಡುವಾಗ ಡೇಟಾಬೇಸ್ ನಿಲ್ಲಿಸಿರಬೇಕು. ಪ್ರೊಕ್, ಸಿಸ್, ಡೆವ್, ರನ್ ಫೋಲ್ಡರ್‌ಗಳ ಒಳಗಿನದು ಬೇಡ. ಕಂಟೇನರ್ ಹೋಸ್ಟ್‌ನ ಕರ್ನಲ್ ಮೇಲೆ ಓಡೋದರಿಂದ ಬೂಟ್ ಫೋಲ್ಡರ್ ಕೂಡ ಬೇಡ. ಟಾರ್‌ಗೆ ನ್ಯೂಮರಿಕ್-ಓನರ್ (ಓನರ್‌ನ ಹೆಸರಲ್ಲ, ನಂಬರ್ ಉಳಿಸಲು), ಎಕ್ಸ್‌ಆಟರ್ಸ್ (ಫೈಲ್‌ನ ಹೆಚ್ಚುವರಿ ಗುರುತುಗಳನ್ನು ಉಳಿಸಲು) ಆಪ್ಷನ್‌ಗಳು ಕಡ್ಡಾಯ. ಬಿಚ್ಚುವುದನ್ನು ಎಲ್‌ಎಕ್ಸ್‌ಸಿ-ಯೂಸರ್‌ಎನ್ಎಸ್‌ಎಕ್ಸೆಕ್ (ಬೇರೆ ಯೂಸರ್ ನಂಬರ್‌ಗಳ ಆವರಣ, ಅಂದರೆ ಯೂಸರ್ ನೇಮ್‌ಸ್ಪೇಸ್, ಮಾಡಿ ಅದರಲ್ಲಿ ಕಮಾಂಡ್ ಓಡಿಸೋದು) ಒಳಗೆ, ಮ್ಯಾಪ್ ಬಿ:0:100000:65536 (ಒಳಗಿನ 0 ಹೊರಗೆ 100000, ಒಟ್ಟು 65536 ನಂಬರ್) ಕೊಟ್ಟು ಮಾಡಿ. ಆಗ ನಂಬರ್‌ಗಳು ತಾವಾಗಿಯೇ ಸರಿಯಾಗಿ ಕೂಡುತ್ತವೆ, ಸೆಟ್‌ಯುಐಡಿ ಉಳಿಯುತ್ತೆ. ಎಕ್ಸ್‌ಆಟರ್ಸ್-ಇನ್‌ಕ್ಲೂಡ್‌ನಲ್ಲಿ ಸೆಕ್ಯುರಿಟಿ.ಕೆಪಬಿಲಿಟಿ ಅಂತ ಹಾಕದಿದ್ದರೆ ಟಾರ್ ಅದನ್ನು ಬಿಟ್ಟುಬಿಡುತ್ತೆ.

ಬಹಳ ಜನ ಸಿಕ್ಕಿಬೀಳೋ ಜಾಗ ಇನ್ನೊಂದಿದೆ. ಆ ನೇಮ್‌ಸ್ಪೇಸ್‌ನ ರೂಟ್ ಹೋಸ್ಟ್‌ನಲ್ಲಿ ಬರೀ 100000 ನಂಬರಿನ ಸಾಮಾನ್ಯ ಯೂಸರ್. ಹಾಗಾಗಿ ರೂಟ್‌ಎಫ್‌ಎಸ್ ಫೋಲ್ಡರ್ (ಟಾರ್ ಬಿಚ್ಚುವ ಜಾಗ) 100000ರ ಹೆಸರಲ್ಲಿರಲಿ, ಅದರ ಮೇಲಿನ ಫೋಲ್ಡರ್‌ಗಳಿಗೆ ಇತರರ ಎಕ್ಸಿಕ್ಯೂಟ್ ಪರ್ಮಿಷನ್ ಇರಲಿ, ಟಾರ್ ಫೈಲನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಕೊಡಿ.

ಇನ್ನೊಬ್ಬರ ಉತ್ತರ: ಬೂಟ್ ವಿಷಯ ನಾನು ಹೇಳ್ತೀನಿ. ಎಲ್‌ಎಕ್ಸ್‌ಸಿ-ಸ್ಟಾರ್ಟ್‌ಗೆ ದೊಡ್ಡ ಎಫ್ ಆಪ್ಷನ್ ಕೊಟ್ಟು ಟರ್ಮಿನಲ್‌ನಲ್ಲಿ ಕಣ್ಣೆದುರೇ ಓಡಿಸಿ. ಸಿಗ್ರೂಪ್ (ಪ್ರೋಸೆಸ್‌ಗಳನ್ನು ಗುಂಪು ಮಾಡಿ ನಿಯಂತ್ರಿಸೋ ಕರ್ನಲ್ ಸೌಲಭ್ಯ) ಮೌಂಟ್ ಆಗಲಿಲ್ಲ, ಫ್ರೀಜಿಂಗ್ ಅಂತ ಬರುತ್ತೆ ನೋಡಿ. ಸೆಂಟ್‌ಓಎಸ್ 7ರ ಸಿಸ್ಟಮ್‌ಡಿ 219ಕ್ಕೆ (ಬೂಟ್‌ನಲ್ಲಿ ಎಲ್ಲವನ್ನೂ ಶುರು ಮಾಡೋ ಪ್ರೋಗ್ರಾಂ) ಸಿಗ್ರೂಪ್ ವಿ2 ಗೊತ್ತಿಲ್ಲ, ಡೆಬಿಯನ್ 12ರಲ್ಲಿ ಇರೋದು ಅದೇ. ಹೋಸ್ಟ್‌ನ ಗ್ರಬ್ (ಬೂಟ್‌ಲೋಡರ್) ಕಾನ್ಫಿಗ್‌ನ ಕರ್ನಲ್ ಸಾಲಿಗೆ ಸಿಸ್ಟಮ್‌ಡಿ.ಯೂನಿಫೈಡ್_ಸಿಗ್ರೂಪ್_ಹೈರಾರ್ಕಿ=0 ಸೇರಿಸಿ, ಅಪ್‌ಡೇಟ್-ಗ್ರಬ್ ಮಾಡಿ ರೀಬೂಟ್ ಮಾಡಿ. ಇದು ಆ ಹೋಸ್ಟ್‌ನ ಎಲ್ಲ ಕಂಟೇನರ್‌ಗಳಿಗೂ ತಾಗುತ್ತೆ, ಬೇರೆ ಹೋಸ್ಟ್ ಇದ್ದರೆ ಅಲ್ಲೇ ಇಡಿ. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ನಿಂತಿದೆ, ಹೊರಗಿನ ನೆಟ್‌ವರ್ಕ್‌ಗೆ ನೇರ ಒಡ್ಡಬೇಡಿ.

ಸ್ಟಾರ್ಟ್‌ಗೆ ಮೊದಲು ಕಂಟೇನರ್ ಒಳಗಿನ ಎಫ್‌ಎಸ್‌ಟ್ಯಾಬ್‌ನ (ಮೌಂಟ್ ಪಟ್ಟಿ) ಡಿಸ್ಕ್ ಸಾಲುಗಳನ್ನು ತೆಗೆಯಿರಿ, ಮಷೀನ್-ಐಡಿ ಖಾಲಿ ಮಾಡಿ, ಎಸ್‌ಇಲಿನಕ್ಸ್ ಡಿಸೇಬಲ್ಡ್ ಇರಲಿ. ಹಳೇ ಐಎಫ್‌ಸಿಎಫ್‌ಜಿ (ನೆಟ್‌ವರ್ಕ್ ಕಾನ್ಫಿಗ್) ಫೈಲ್‌ಗೆ ಇಟಿಎಚ್0 ಅಂತ ಹೆಸರಿಟ್ಟು ಒಳಗಿನ ಡಿವೈಸ್ ಹೆಸರನ್ನೂ ಹಾಗೇ ಬದಲಿಸಿ, ಎಚ್‌ಡಬ್ಲ್ಯುಎಡಿಡಿಆರ್, ಯುಯುಐಡಿ ಸಾಲು ಅಳಿಸಿ.

ಪ್ರಶ್ನೆ: ಬೂಟ್ ಆಯ್ತು, ಧನ್ಯವಾದ ಸರ್. ಆದರೆ ಬಿಚ್ಚುವಾಗ ಕೆಲವು ಫೈಲ್‌ಗಳಿಗೆ 'ಯುಐಡಿ 200012ಕ್ಕೆ ಓನರ್ ಬದಲಿಸಲಾಗದು, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ಬಂತು.

ಉತ್ತರ: ಎಲ್‌ಡ್ಯಾಪ್ (ಯೂಸರ್‌ಗಳ ಪಟ್ಟಿ ಇಡೋ ಕೇಂದ್ರ ಡೈರೆಕ್ಟರಿ) ಯೂಸರ್‌ಗಳ ಫೈಲ್ ಇರಬೇಕು. 65536 ಅಂದರೆ 0ಯಿಂದ 65535ರವರೆಗೆ ಮಾತ್ರ. ಹೋಸ್ಟ್‌ನ ಸಬ್‌ಯುಐಡಿ, ಸಬ್‌ಜಿಐಡಿ (ಯಾರಿಗೆ ಯಾವ ನಂಬರ್ ರೇಂಜ್ ಅಂತ ಬರೆದಿಡೋ ಫೈಲ್‌ಗಳು), ಕಂಟೇನರ್ ಕಾನ್ಫಿಗ್‌ನ ಎಲ್‌ಎಕ್ಸ್‌ಸಿ.ಐಡಿಮ್ಯಾಪ್‌ನ ಯು, ಜಿ ಎರಡೂ ಸಾಲು, ಬಿಚ್ಚುವ ಕಮಾಂಡ್, ಎಲ್ಲ ಕಡೆ 65536 ಇರೋದನ್ನು 300000 ಮಾಡಿ ಇನ್ನೊಮ್ಮೆ ಬಿಚ್ಚಿ. ಆ ರೇಂಜ್ ಬೇರೆ ಕಂಟೇನರ್‌ಗೆ ಕೊಟ್ಟಿದ್ದರ ಮೇಲೆ ಬೀಳದಂತೆ ನೋಡಿಕೊಳ್ಳಿ.